ಇರುಳಿನ ಪ್ರಿಯಕರರು: 'ಟ್ವೈಲೈಟ್' ಮತ್ತು 'ನಾಗಮಂಡಲ' — ಒಂದು ತೌಲನಿಕ ವಿವೇಚನೆ

ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಬೆಳೆಯುವ ಕನ್ನಡ ಮನೆತನಗಳ ಮಕ್ಕಳು ಹದಿಹರೆಯದಲ್ಲಿ ಪ್ರೇಮಕಥನವನ್ನು ಓದುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಸ್ಟೆಫನಿ ಮೆಯರ್ ಅವರ 'ಟ್ವೈಲೈಟ್' ಕಾದಂಬರಿಮಾಲೆ (2005–2008) ಈ ಬಗೆಯ ಓದಿಗೆ ಒಂದು ಪ್ರಾತಿನಿಧಿಕ ನಿದರ್ಶನ. ಅದೇ ಜಾಡಿನ 'ಪ್ಯಾರ್ ಕೀ ಯೇ ಏಕ್ ಕಹಾನಿ' ಎಂಬ ಹಿಂದಿ ಧಾರಾವಾಹಿ 2010–11ರಲ್ಲಿ ಪ್ರಸಾರವಾಯಿತು. ರಕ್ತವನ್ನು ಕುಡಿದು ಬದುಕುವ, ಸಾವಿಲ್ಲದ, ಸದಾ ವಿಷಣ್ಣನಾದ ಈ ತರುಣ ನಾಯಕನು ಮನೋಹರನೋ ಭಯಾನಕನೋ? ಇದು ಆಮದಾದ ಅಗ್ಗದ ಸರಕೆಂದು ಕನ್ನಡ ವಿಮರ್ಶೆಯು ಈ ಪ್ರಶ್ನೆಯನ್ನು ಬದಿಗೆ ಸರಿಸುವುದು ಸುಲಭ. ಆದರೆ ಇದೇ ಪ್ರಶ್ನೆ ನಮ್ಮ ಕೃತಿಗಳಿಗೂ ಸಲ್ಲುತ್ತದೆ ಎಂಬುದನ್ನು ಇಲ್ಲಿ ಪ್ರತಿಪಾದಿಸಬಯಸುತ್ತೇವೆ.

ಮೊದಲಿಗೆ ಒಂದು ಪಾರಿಭಾಷಿಕ ಸ್ಪಷ್ಟನೆ ಅಗತ್ಯ. ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು 'ವ್ಯಾಂಪೈರ್' ಎಂದು ಕರೆದನು. ಈ ಸಮೀಕರಣ ದಾರಿತಪ್ಪಿಸುವಂಥದು. ಶವದಲ್ಲಿ ನೆಲೆಸಿ ಒಗಟು ಕೇಳುವ ಬೇತಾಳನು ಯಾರ ಪ್ರಿಯಕರನೂ ಅಲ್ಲ. ಪಾಲಿಡೋರಿಯ 1819ರ ಕಥೆಯಲ್ಲಿ ಕಾಣಿಸಿಕೊಂಡ ಶ್ರೀಮಂತ ರಕ್ತಪಿಪಾಸುವಾಗಲಿ, ಬ್ರಾಮ್ ಸ್ಟೋಕರನ ಡ್ರಾಕುಲಾ (1897) ಆಗಲಿ ಮೋಹಿಸಿ ಕೊಲ್ಲುವವರು. 1976ರಲ್ಲಿ ಆನ್ ರೈಸ್ ತಮ್ಮ ಕಾದಂಬರಿಯಲ್ಲಿ ಅಂಥವನಿಗೇ ಆತ್ಮಕಥನದ ಅವಕಾಶ ಕೊಟ್ಟ ಮೇಲೆ ಅವನ ಪಾಪಪ್ರಜ್ಞೆಯೇ ಕಥನದ ಕೇಂದ್ರಕ್ಕೆ ಬಂದಿತು. ಈ ಪರಂಪರೆಗೆ ಕನ್ನಡದಲ್ಲಿ ಹತ್ತಿರದ ಬಂಧು ಬೇತಾಳನಲ್ಲ. ಇರುಳಿನಲ್ಲಿ ಮನುಷ್ಯರೂಪ ತಾಳಿ ಬರುವ ನಾಗ.

'ಟ್ವೈಲೈಟ್'ನ ಎಡ್ವರ್ಡ್ 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸಾಯುವ ಹಂತದಲ್ಲಿದ್ದು, ಹದಿನೇಳರ ವಯಸ್ಸಿನಲ್ಲೇ ನಿಂತುಹೋದವನು. ನಾಯಕಿ ಬೆಲ್ಲಾಳ ರಕ್ತಕ್ಕಾಗಿ ಹಾತೊರೆಯುವ ಇವನು ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಅವನ ಆಕರ್ಷಣೆಯ ಮೂಲ ಈ ಸಂಯಮದಲ್ಲಿದೆ: ಕೊಲ್ಲಬಲ್ಲವನು ಕೊಲ್ಲದಿರುವುದೇ ಇಲ್ಲಿ ಪ್ರೇಮದ ಪ್ರಮಾಣ. ಭೀತಿಯ ಮೂಲವೂ ಅದೇ, ಏಕೆಂದರೆ ಕೊಲ್ಲುವ ಶಕ್ತಿಯಿಲ್ಲದಿದ್ದರೆ ಸಂಯಮಕ್ಕೆ ಬೆಲೆಯಿಲ್ಲ. ಆದ್ದರಿಂದ 'ಮನೋಹರನೋ ಭಯಾನಕನೋ' ಎಂಬ ವಿಕಲ್ಪವೇ ಸಮರ್ಪಕವಲ್ಲ. ಕೇಳಬೇಕಾದ್ದು ಬೇರೆ: ನಾಯಕನ ಅತಿಕ್ರಮಣವನ್ನು ಕೃತಿಯು ಏನೆಂದು ಹೆಸರಿಸುತ್ತದೆ? ಎಡ್ವರ್ಡ್ ಬೆಲ್ಲಾಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಾನೆ. ಮೂರನೆಯ ಕಾದಂಬರಿಯಲ್ಲಿ ಅವಳು ಗೆಳೆಯನ ಬಳಿಗೆ ಹೋಗದಂತೆ ಅವಳ ವಾಹನವನ್ನು ಕೆಡಿಸುತ್ತಾನೆ. ಕೃತಿಯು ಇವೆರಡನ್ನೂ ಅಂತಿಮವಾಗಿ ಕಾಳಜಿಯ ಲೆಕ್ಕಕ್ಕೆ ಸೇರಿಸುತ್ತದೆ. 2020ರಲ್ಲಿ ಇದೇ ಕಥೆಯನ್ನು ಎಡ್ವರ್ಡನ ದೃಷ್ಟಿಯಿಂದ ಹೇಳಿದ ಕಾದಂಬರಿ ಮೊದಲ ಭೇಟಿಯಲ್ಲೇ ಅವನು ಕೊಲೆಯ ಲೆಕ್ಕಾಚಾರ ಹಾಕಿದ್ದನ್ನು ಬಿಚ್ಚಿಡುತ್ತದೆ. ಆದರೂ ಓದುಗರ ಅನುಕಂಪ ಅವನ ಪಾಲಿಗೇ ಸಲ್ಲುವಂತೆ ನೋಡಿಕೊಳ್ಳುತ್ತದೆ.

ಈಗ ಇದೇ ಅಳತೆಗೋಲನ್ನು ಗಿರೀಶ ಕಾರ್ನಾಡರ 'ನಾಗಮಂಡಲ'ಕ್ಕೆ ಹಿಡಿಯೋಣ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿದ ಈ ನಾಟಕ, 1990ರಲ್ಲಿ ಲೇಖಕರದೇ ಇಂಗ್ಲಿಷ್ ಅನುವಾದ ದೆಹಲಿಯಿಂದ ಪ್ರಕಟವಾದ ಮೇಲೆ, ಕರ್ನಾಟಕದ ಹೊರಗೂ ಪಠ್ಯವಾಗಿದೆ. ಗಂಡ ಅಪ್ಪಣ್ಣ ಬೀಗ ಹಾಕಿ ಹೋದ ಮನೆಗೆ ನಾಗನು ಇರುಳಿನಲ್ಲಿ ನುಸುಳಿ, ಅಪ್ಪಣ್ಣನ ರೂಪದಲ್ಲೇ ರಾಣಿಯನ್ನು ಕೂಡುತ್ತಾನೆ; ಪ್ರಶ್ನೆ ಕೇಳಬಾರದೆಂದು ವಿಧಿಸುತ್ತಾನೆ. ಇದನ್ನು ಹೆಣ್ಣಿನ ಕಾಮನೆಯ ಸಾಫಲ್ಯವೆಂದು ಮಾತ್ರ ಓದಿದರೆ, ರಾಣಿಯ ಸಮ್ಮತಿಯು ವಂಚನೆಯ ಮೇಲೆ ನಿಂತಿದೆ ಎಂಬುದು ಮರೆಯಾಗುತ್ತದೆ. ಬೆಲ್ಲಾಳಿಗೆ ತನ್ನ ಪ್ರಿಯನು ಯಾರೆಂಬುದು ಬೇಗನೆ ತಿಳಿಯುತ್ತದೆ. ರಾಣಿಗೆ ತಿಳಿದಿತ್ತೇ ಎಂಬುದೇ ಪ್ರಶ್ನೆ. ಈ ಒಂದು ನೆಲೆಯಲ್ಲಿ ನಮ್ಮ ನಾಗನು ಎಡ್ವರ್ಡನಿಗಿಂತ ಹೆಚ್ಚು ಭಯಾನಕ.

ಹಾಗಾದರೆ ಎರಡೂ ಒಂದೇ ಎನ್ನಬಹುದೇ? ಹಾಗೆನ್ನಲಾಗದು. ಒಂದು ಮೈಯಿಂದ ಇನ್ನೊಂದನ್ನು ಅವಳು ಗುರುತಿಸದಿರಲು ಸಾಧ್ಯವೇ ಎಂಬ ಸಂಶಯವನ್ನು ನಾಟಕವೇ ಎತ್ತುತ್ತದೆ. ಒಂದು ಮುಕ್ತಾಯಕ್ಕೆ ತೃಪ್ತಿಪಡದೆ, ರಾಣಿ ತಿಳಿದೂ ತಿಳಿದೇ ನಾಗನಿಗೆ ತನ್ನ ಮುಡಿಯಲ್ಲಿ ಆಶ್ರಯ ಕೊಡುವ ಇನ್ನೊಂದನ್ನು ಮುಂದಿಡುತ್ತದೆ. ಆಗ ಆಯ್ಕೆ ಅವಳದಾಗುತ್ತದೆ. ಅತಿಕ್ರಮಣವನ್ನು ಪ್ರೇಮವೆಂದು ಕರೆದು ಮುಗಿಸದೆ, ಪ್ರಶ್ನೆಯನ್ನು ಪ್ರೇಕ್ಷಕರಿಗೆ ಒಪ್ಪಿಸುವುದು ಇಲ್ಲಿಯ ವಿಶೇಷ.

ಈ ಆಶಯ ಕನ್ನಡಕ್ಕೆ ಹೊಸದೂ ಅಲ್ಲ. 1209ರಲ್ಲಿ ಜನ್ನನು ರಚಿಸಿದ 'ಯಶೋಧರ ಚರಿತೆ'ಯಲ್ಲಿ ಅಮೃತಮತಿಯು ನಡುರಾತ್ರಿಯ ಗಾನಕ್ಕೆ ಸೋತು, ಕುರೂಪಿ ಮಾವಟಿಗನಾದ ಅಷ್ಟಾವಂಕನಿಗೆ ಮನಸೋಲುತ್ತಾಳೆ. ತಡವಾಗಿ ಬಂದವಳನ್ನು ಅವನು ಹೊಡೆಯುತ್ತಾನೆ. ಜನ್ನನು ಆ ಮೋಹದ ಬಲವನ್ನೂ ಮುಚ್ಚಿಡುವುದಿಲ್ಲ, ಆ ಹೊಡೆತವನ್ನೂ ಮುಚ್ಚಿಡುವುದಿಲ್ಲ. ಕೊನೆಗೆ ಜೈನ ಧರ್ಮದೃಷ್ಟಿ ದಂಡಿಸುವುದು ಅವಳನ್ನೇ ಎಂಬುದು ಕಾವ್ಯದ ಮಿತಿ. ಆದರೆ ಹೊಡೆತವನ್ನು ಅದು ಎಂದೂ ಅಕ್ಕರೆಯೆಂದು ಕರೆಯುವುದಿಲ್ಲ.

ಹೊರನಾಡಿನ ತರಗತಿಗಳಲ್ಲಿ 'ನಾಗಮಂಡಲ'ವನ್ನು ಬೋಧಿಸುವವರ ಮುಂದೆ 'ಟ್ವೈಲೈಟ್' ಓದಿ ಬಂದವರು ಕುಳಿತಿರುತ್ತಾರೆ. ಅವರ ಮೆಚ್ಚುಗೆಯನ್ನು ಹಳಿದು ನಮ್ಮ ನಾಗನನ್ನು ಮಾತ್ರ ಕೊಂಡಾಡಿದರೆ ಅದು ವಿಮರ್ಶೆಯಾಗದು, ಬರಿಯ ಸ್ವಭಾಷಾಭಿಮಾನವಾದೀತು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಹೆಣ್ಣಿಗೆ ತಿಳಿಯುವ ಹಕ್ಕನ್ನೂ ಕೇಳುವ ಹಕ್ಕನ್ನೂ ಯಾವ ಕೃತಿ ಎಷ್ಟರಮಟ್ಟಿಗೆ ಕೊಟ್ಟಿದೆ ಎಂದು ಪರೀಕ್ಷಿಸುವುದು ಯುಕ್ತ. ಆ ಪರೀಕ್ಷೆಯಲ್ಲಿ 'ನಾಗಮಂಡಲ' ಹೆಚ್ಚಿನ ಕೃತಿಯೆಂದೇ ನಮ್ಮ ಅಭಿಪ್ರಾಯ. ಆದರೆ ಆ ಹೆಚ್ಚಳ ಇರುವುದು ನಾಗನ ಪ್ರೇಮದಲ್ಲಲ್ಲ, ಅವನನ್ನು ಪೂರ್ತಿ ನಂಬದ ನಾಟಕದ ಎಚ್ಚರದಲ್ಲಿ.