ಕಸಮ್ ಪರೇಡಿಗೆ ಯಾವ ಸೀರಿ?

ಚಿಗವ್ವನ ಫೋನ್ ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ರಿಂಗಾದಾಗ ಯಾಕೋ ಹೆದರಿಕೆಯಾಗಿ ಹೊರಗೆ ಬಂದು ಎತ್ತಿದರೆ, "ತಮ್ಮಂದು ಕಸಮ್ ಪರೇಡ್ ಐತೆಂತವಾ ಬೆಳಗಾವ್ಯಾಗ. ದೊಡ್ಡ ದೊಡ್ಡ ಮಿಲಿಟ್ರಿ ಸಾಹೇಬ್ರು ಬರ್ತಾರಂತ. ನಾ ಏನ ಉಟ್ಗೊಂಡ ಹೋಗ್ಲಿ?"

ಇಳಕಲ್ಲಿನಲ್ಲಿ ಹುಟ್ಟಿ ಹುನಗುಂದಕ್ಕೆ ಸೊಸೆಯಾಗಿ ಬಂದವಳು. ಇಳಕಲ್ ಸೀರೆ ಬಿಟ್ಟು ಬೇರೆ ಉಟ್ಟಿದ್ದನ್ನು ಬೆರಳಲ್ಲಿ ಎಣಿಸಬಹುದು. ಉಡುವುದರ ಬಗ್ಗೆ ಆಕೆ ನನ್ನನ್ನು ಕೇಳಿದ್ದೇ ಮೊದಲು. ನಾನು ಗೂಗಲ್ ಮಾಡಿದೆ. ಈ ಲೇಖನ ಬರೆಯುವಂತಾಗಿದ್ದು ಅದರಿಂದಲೇ.

ಈ ವಿಷಯದ ಬಗ್ಗೆ ಅಂತರ್ಜಾಲದಲ್ಲಿ ಸಲಹೆಗಳಿಗೆ ಬರವಿಲ್ಲ. ಕಣ್ಣಿಗೆ ಹೊಡೆಯುವ ಬಣ್ಣ ಬೇಡ, ತಿಳಿಬಣ್ಣ ಇರಲಿ, ಮೊಣಕಾಲು ಮುಚ್ಚಲಿ, ಗಂಡಸರು ಟೋಪಿ ತೆಗೆಯಲಿ, ನಿಮ್ಮ ಬಟ್ಟೆ ಸಮಾರಂಭಕ್ಕಿಂತ ಎದ್ದು ಕಾಣಬಾರದು. ಎಲ್ಲವೂ ಅಮೆರಿಕದ ಅಮ್ಮಂದಿರಿಗಾಗಿ ಬರೆದದ್ದು. ಅಲ್ಲಿಗೆ ಸರಿಯೇ ಇರಬಹುದು. ಅದನ್ನು ಹಾಗೇ ಕನ್ನಡಕ್ಕಿಳಿಸಿ ಹುನಗುಂದಕ್ಕೆ ಕಳಿಸಿದ್ದು ನನ್ನ ತಪ್ಪು. "ಚಿಗವ್ವಾ, ಗಿಡ್ಡ ದಡಿದು, ತಿಳಿಬಣ್ಣದ್ದು ಉಟ್ಕೊ. ಸೆರಗು ಕೆಂಪು ಬ್ಯಾಡ. ಅಜ್ಜಗ ಪ್ಯಾಂಟ್ ಹಾಕ್ಸು" ಅಂದೆ. ಆನ್‌ಲೈನಿನಲ್ಲಿ ಒಂದು ಬೂದುಬಣ್ಣದ ಜಾರ್ಜೆಟ್ ಸೀರೆಯನ್ನೂ ಕಳಿಸಿದೆ. ಚಿಗವ್ವ ಅದನ್ನೇ ಉಟ್ಟಳು. ಅಜ್ಜ ಮಾತ್ರ ನನ್ನ ಮಾತು ಕೇಳಲಿಲ್ಲ. ಧೋತರ, ನೆಹರೂ ಶರ್ಟು, ಗುಲಾಬಿ ರುಮಾಲು. "ಬರಿದಲಿಲೆ ದೇವ್ರ ಮುಂದೂ ನಿಂತಿಲ್ಲ, ಮಿಲಿಟ್ರಿ ಮುಂದ ನಿಂದ್ರತೀನೇನ?"

ಟೋಪಿ ತೆಗೆಯುವುದು ಒಬ್ಬರಿಗೆ ಗೌರವ, ತಲೆ ಮುಚ್ಚುವುದು ಇನ್ನೊಬ್ಬರಿಗೆ. ನಮ್ಮ ಸೈನ್ಯದಲ್ಲೇ ಸಿಖ್ ಜವಾನರು ಪಗಡಿ ಕಟ್ಟಿಕೊಂಡೇ ಸೆಲ್ಯೂಟ್ ಹೊಡೆಯುತ್ತಾರೆ. ಇಷ್ಟು ಗೊತ್ತಿರಬೇಕಿತ್ತು ನನಗೆ.

ನಾನೂ ರಜೆ ಹಾಕಿ ಹೋಗಿದ್ದೆ. ಪರೇಡಿನ ಡ್ರಿಲ್ ಬಗ್ಗೆ ಬರೆಯಲು ನನಗೆ ಯೋಗ್ಯತೆ ಇಲ್ಲ. ಆದರೆ ಪ್ರತಿಜ್ಞೆ ಕೇಳುವಾಗ ಗಂಟಲು ಕಟ್ಟಿತು. ನೆಲ, ಜಲ, ಆಕಾಶ ಯಾವ ದಾರಿಯಲ್ಲಿ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಿದ್ದರೂ ಆಜ್ಞೆ ಪಾಲಿಸುತ್ತೇನೆ ಎನ್ನುವ ಅರ್ಥದ ಮಾತುಗಳು. ಎದುರಿಗೆ ರಾಷ್ಟ್ರಧ್ವಜ, ಧರ್ಮಗ್ರಂಥಗಳು. ಹೇಳುವ ಹುಡುಗರಿಗೆ ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥದ ಲೆಕ್ಕದಲ್ಲಿ ನಾಲ್ಕು ವರ್ಷದ ನೌಕರಿ. ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25. ಪ್ರಾಣದ ಮಾತಿಗೆ ಮಾತ್ರ ಅಂಥ ರಿಯಾಯಿತಿ ಇಲ್ಲ. ಪಕ್ಕದಲ್ಲಿ ಚಿಗವ್ವ ಜಾರುತ್ತಿದ್ದ ಸೆರಗನ್ನು ತಲೆಮೇಲೆ ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು. ಜಾರ್ಜೆಟ್ ತಲೆ ಮೇಲೆ ನಿಲ್ಲುವುದಿಲ್ಲ. ಕಣ್ಣು ಒರೆಸಿದರೆ ನೀರು ಹೀರುವುದೂ ಇಲ್ಲ.

ಪರೇಡ್ ಮುಗಿದ ಮೇಲೆ ಮೈದಾನದಲ್ಲಿ ಒಂದೇ ಯೂನಿಫಾರ್ಮು, ಒಂದೇ ಕ್ರಾಪಿನ ನೂರಾರು ಹುಡುಗರು. ತಾಯಂದಿರಿಗೆ ಮಗ ಯಾರು ಅಂತ ಗುರುತೇ ಹತ್ತುವುದಿಲ್ಲ. ಮಕ್ಕಳೇ ಹುಡುಕಿಕೊಂಡು ಬರಬೇಕು. ನಮ್ಮ ಹುಡುಗ ದೂರದಿಂದ ಅಜ್ಜನ ರುಮಾಲು ನೋಡಿ ನೆಟ್ಟಗೆ ಬಂದ, ಕಾಲು ಮುಟ್ಟಿ ನಮಸ್ಕಾರ ಮಾಡಿದ. ಆಮೇಲೆ ಆಚೀಚೆ ನೋಡಿ, "ಅವ್ವ ಎಲ್ಲಿ? ಬಂದಿಲ್ಲೇನ?" ಅಂದ.

ಅವ್ವ ಅವನ ಎಡಕ್ಕೆ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು.

ಬೆಂಗಳೂರಿಗೆ ವಾಪಸಾದ ಮೇಲೆ, ನಾನು ಬೇಡವೆಂದ ಸೀರೆಯನ್ನು ಮನಸ್ಸಿನಲ್ಲೇ ಬಿಡಿಸಿ ನೋಡಿದೆ. ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಎರಡರ ಎಳೆಗಳನ್ನು ಕುಣಿಕೆ ಹಾಕಿ ಒಂದೊಂದಾಗಿ ಜೋಡಿಸುತ್ತಾರೆ. ಅದೇ ತೋಪು ತೆನಿ. ಒಡಲು ಹತ್ತಿ ಇರಲಿ, ರೇಷ್ಮೆ ಇರಲಿ, ಸಾಂಪ್ರದಾಯಿಕ ಸೆರಗು ರೇಷ್ಮೆಯದೇ: ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಅದರಲ್ಲಿ ಹಣಿಗೆ, ಕೋಟೆ ಕಮ್ಮಲಿ, ಜೋಳದ ತೆನೆಯಂಥ ವಿನ್ಯಾಸಗಳು. ಕೋಟೆಯ ಗೋಡೆ ನೇಯ್ದ ಸೆರಗನ್ನು ಸೈನ್ಯದ ಮೈದಾನಕ್ಕೆ ಬೇಡ ಅಂದವಳು ನಾನು! ಆ ಕೆಂಪು-ಬಿಳಿ ಬರೀ ಅಲಂಕಾರಕ್ಕಲ್ಲ, ದೂರದಿಂದ ಗುರುತು ಹತ್ತುತ್ತದೆ. ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲಿ, ಬನಶಂಕರಿ ಜಾತ್ರೆಯ ಗದ್ದಲದಲ್ಲಿ ಚಿಕ್ಕವರಿದ್ದಾಗ ನಾವು ಕಳೆದುಹೋಗದಂತೆ ಕಾದದ್ದು ಅದೇ ಬಣ್ಣ. ಜೊತೆಗೆ ಗುಳೇದಗುಡ್ಡದ ಖಣದ ಕುಬಸ. ಅದರ ಪುಟ್ಟ ಪುಟ್ಟ ಬುಟ್ಟಾಗಳು ಹತ್ತಿರ ಬಂದವರಿಗಷ್ಟೇ ಕಾಣುತ್ತವೆ.

ಹಾಗಂತ ಇಳಕಲ್ ಅಂದಕೂಡಲೇ ಕೈಮುಗಿಯುವವಳೂ ನಾನಲ್ಲ. ಗಂಜಿ ಹಾಕಿದ ಹತ್ತಿಯ ಸೀರೆ ರಾತ್ರಿ ಬಸ್ಸಿನಲ್ಲಿ ಮುದ್ದೆಯಾಗುತ್ತದೆ, ಅಗಲ ದಡಿ ಬಿಸಿಲಲ್ಲಿ ಭಾರ. ಈಗ ನವನಗರದಿಂದ ಜಯನಗರದವರೆಗೆ "ಇಳಕಲ್" ಅಂತ ಮಾರುವ ಎಷ್ಟೋ ಸೀರೆಗಳು ಪಾಲಿಯೆಸ್ಟರ್ ಒಡಲಿನ ಪವರ್‌ಲೂಮ್ ಸರಕು. ಸೆರಗಿನ ಮೇಲೆ ತೋಪು ತೆನಿಯ ಚಿತ್ರ ಇರುತ್ತದೆ, ಕೆಲಸ ಇರುವುದಿಲ್ಲ. ಒಡಲು-ಸೆರಗು ಕೂಡುವ ಗೆರೆಯನ್ನು ಬೆರಳಲ್ಲಿ ಸವರಿ ನೋಡಿ, ಜೋಡಣೆ ಕೈಗೆ ಹತ್ತಬೇಕು. ಬೊಟಿಕ್‌ಗಳ ಮಬ್ಬು ಬಣ್ಣದ ಇಳಕಲ್ ಕೂಡ ನನ್ನ ಜಾರ್ಜೆಟ್ಟಿನ ತಂಗಿಯೇ: ಸಭ್ಯವಾಗಿ ಕಾಣಬೇಕೆಂಬ ಭಯದಲ್ಲಿ ಕೆಂಪನ್ನು ತೊಳೆದುಬಿಟ್ಟಿದೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟದ್ದಕ್ಕೆ ತಡೆದರು. ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟ ನ್ಯಾಯಮೂರ್ತಿಯನ್ನೇ ಒಳಗೆ ಬಿಡದೆ, 2014ರಲ್ಲಿ ತಮಿಳುನಾಡು ಅದಕ್ಕೆಂದೇ ಕಾನೂನು ಮಾಡಬೇಕಾಯಿತು. ಇದನ್ನೆಲ್ಲ ಟಿವಿಯಲ್ಲಿ ನೋಡಿದ ಹಳ್ಳಿಯ ತಾಯಿಗೆ ಮಿಲಿಟರಿ ಗೇಟು ಇನ್ನೂ ದೊಡ್ಡದಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ 2024ರ ಫೆಬ್ರವರಿಯಲ್ಲಿ ನೌಕಾಪಡೆಯೇ ತನ್ನ ಮೆಸ್ಸುಗಳಲ್ಲಿ ಕುರ್ತಾ-ಪೈಜಾಮಕ್ಕೆ ಒಪ್ಪಿಗೆ ಕೊಟ್ಟಿತು. ಬೆಳಗಾವಿಯಲ್ಲಿ ಅಜ್ಜನ ಧೋತರವನ್ನು ಯಾರೂ ತಿರುಗಿ ನೋಡಲಿಲ್ಲ. ಒಬ್ಬ ಸುಬೇದಾರರು ನಮಸ್ಕಾರ ಹೇಳಿ ನೆರಳಿಗೆ ಕುರ್ಚಿ ಹಾಕಿಸಿದರು. ತಡೆದವಳು ನಾನೊಬ್ಬಳೇ, ಅದೂ ಫೋನಿನಲ್ಲಿ.

ನನ್ನ ಮಟ್ಟಿಗೆ ಆ ದಿನ ಬೇಡವಾದದ್ದು ಒಂದೇ, ಮಿಲಿಟರಿ ಚುಕ್ಕೆಯ ಟೀ ಶರ್ಟು. ತಮ್ಮಂದಿರು ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ಸೈನಿಕನೆಂದು ನಂಬಿಸುವ ಉದ್ದೇಶದಿಂದ ಅಂಥ ಉಡುಪು ತೊಡುವುದು ಅಪರಾಧ, ಹಿಂದೆ ಐಪಿಸಿ 140, ಈಗ ಬಿಎನ್‌ಎಸ್ 168. ನಿಮಗೆ ಆ ಉದ್ದೇಶ ಇಲ್ಲ, ಒಪ್ಪಿದೆ. ಆದರೂ ಎದುರಿಗಿರುವ ಹುಡುಗ ತಿಂಗಳುಗಟ್ಟಲೆ ಬೆವರಿ ಗಳಿಸಿದ ಬಟ್ಟೆಯನ್ನು ಮುನ್ನೂರು ರೂಪಾಯಿಗೆ ಕೊಂಡು ಅವನ ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆಯುವುದು ಚೆಂದ ಕಾಣುವುದಿಲ್ಲ.

ಉಳಿದಂತೆ, ಹೊಸ ಸೀರೆಯಾದರೆ ಮೊದಲೇ ಒಮ್ಮೆ ನೆನೆಸಿ ನೋಡಿ, ಬೆಳಗಾವಿಯ ಮಳೆಗೆ ಬಣ್ಣ ಬಿಟ್ಟೀತು. ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಊರು ಮುಟ್ಟಿದ ಮೇಲೆ ಉಡಿ. ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕು, ಹೀಲ್ಸ್ ಬೇಡ. ಕೆಲವು ಕೇಂದ್ರಗಳಲ್ಲಿ ತಂದೆತಾಯಿಗೆ ಗೌರವ್ ಪದಕ್ ಕೊಡುತ್ತಾರೆ. ಪಿನ್ ಹಿಡಿಯುವ ಗಟ್ಟಿ ಬಟ್ಟೆ ಇರಲಿ. ಮಗನದಷ್ಟೇ ಅಲ್ಲ, ಮಗಳ ಪರೇಡಿಗೂ ಇದೇ ಮಾತು. 2021ರ ಮೇನಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ ಮೊದಲ ತಂಡದಲ್ಲೇ 83 ಹೆಣ್ಣುಮಕ್ಕಳು ಹೊರಬಂದಿದ್ದಾರೆ.

ಆ ಬೂದು ಸೀರೆಯನ್ನು ಚಿಗವ್ವ ತೊಳೆದು ಇಸ್ತ್ರಿ ಮಾಡಿಸಿ ಇಟ್ಟಿದ್ದಾಳಂತೆ. "ನೀ ಕೊಟ್ಟಿದ್ದಲ್ಲಾ" ಅನ್ನುತ್ತಾಳೆ. ತಮ್ಮ ಮೊದಲ ರಜೆಗೆ ಬರುವ ದಿನ ಸ್ಟೇಷನ್ನಿಗೆ ಯಾವುದು ಉಡಲಿ ಅಂತ ಈ ಸಲ ನನ್ನನ್ನು ಕೇಳಿಲ್ಲ.