ಕುದುರೆಯಿಲ್ಲದ ಸವಾರರು

ಚಾಣಕ್ಯಪುರಿಯತ್ತ ಹೋಗುವ ನಮ್ಮವರೆಲ್ಲ ತೀನ್ ಮೂರ್ತಿಯನ್ನು ನೋಡಿಯೇ ಇರುತ್ತಾರೆ. ಆ ಮೂವರಲ್ಲೊಬ್ಬ ನಮ್ಮ ಮೈಸೂರಿನವನೆಂದು ಎಷ್ಟು ಮಂದಿಗೆ ಗೊತ್ತೋ! ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳ ಭರ್ಜಿ ಸವಾರರ ನೆನಪಿಗೆ 1922ರಲ್ಲಿ ಲಿಯೊನಾರ್ಡ್ ಜೆನಿಂಗ್ಸ್ ಮಾಡಿದ ಕಂಚಿನ ಮೂರ್ತಿಗಳಿವು. ಉಡುಪಿನ ಕೆಲಸವೇನೋ ಸೊಗಸಾಗಿದೆ. ಆದರೆ ಕುದುರೆಯೆಲ್ಲಿ?

1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರಿನ ತುಕಡಿಯೊಂದು ಫಿರಂಗಿಗಳಿದ್ದ ಕಾರ್ಮೆಲ್ ಬೆಟ್ಟವನ್ನೇರಿತು. ಅಂಥ ಏರಿನಲ್ಲಿ ಜೀನು ಹಿಂದಕ್ಕೆ ಜಾರದಂತೆ ಹೊಟ್ಟೆಪಟ್ಟಿ ಬಿಗಿದಿರಬೇಕು. ಪಾದ ರಿಕಾಪಿನಲ್ಲಿ ಊರಿರಬೇಕು. ಒಂದು ಕೈಯಲ್ಲಿ ಭರ್ಜಿ, ಇನ್ನೊಂದರಲ್ಲಿ ಲಗಾಮು. ಸವಾರನ ಕಸುಬೆಂದರೆ ಇದೇ. ನಮ್ಮ ಹಂಪೆಯ ಕಲ್ಲುಕುಟಿಗರು ಮಹಾನವಮಿ ದಿಬ್ಬದ ಮೇಲೆ ಕುದುರೆಗಳನ್ನು ಮರೆಯದೆ ಕೆತ್ತಿದರು. ಇಲ್ಲಿ ಮೂವರೂ ಬಾಗಿಲು ಕಾಯುವವರ ಹಾಗೆ ನಿಂತಿದ್ದಾರೆ. 2018ರಲ್ಲಿ ಚೌಕದ ಹೆಸರಿಗೆ ಹೈಫಾ ಸೇರಿತು, ಸರಿ. ಜೆನಿಂಗ್ಸ್ ಮಹಾಶಯರು ಪೀಠದ ಪಕ್ಕದಲ್ಲಿ ಒಂದು ಜೀನನ್ನಾದರೂ ಎರಕ ಹೊಯ್ದಿಡಬಹುದಿತ್ತು.