ಮಾಗಡಿಯ ಕೆಂಪೇಗೌಡರ ಮನೆತನ

ಯಲಹಂಕದ ನಾಡಪ್ರಭುಗಳು ಮೊರಸು ಒಕ್ಕಲಿಗರು. ಮನೆತನದ ಐತಿಹ್ಯದಂತೆ ಮೂಲಪುರುಷ ರಣಭೈರೇಗೌಡರು ಕಂಚಿ ಸೀಮೆಯಿಂದ ಬಂಧುಬಳಗದೊಡನೆ ಗಾಡಿ ಕಟ್ಟಿಕೊಂಡು ಹೊರಟು, ನಂದಿಬೆಟ್ಟದ ಸಮೀಪದ ಆವತಿಯಲ್ಲಿ ನೆಲೆನಿಂತರು. ಅಲ್ಲಿಂದ ಕವಲೊಡೆದ ಜಯಗೌಡರ ಶಾಖೆ ವಿಜಯನಗರದ ಸಾಮಂತಿಕೆಯಲ್ಲಿ ಯಲಹಂಕ ನಾಡನ್ನು ಆಳಿತು.

ಈ ಶಾಖೆಯ ಕೆಂಪನಂಜೇಗೌಡ ಮತ್ತು ಲಿಂಗಾಂಬೆಯವರ ಮಗ ಹಿರಿಯ ಕೆಂಪೇಗೌಡರು. ಅವರ ಜನನ 1510ರಲ್ಲಿ. 1537ರಲ್ಲಿ ಅವರು ಬೆಂಗಳೂರಿನಲ್ಲಿ ಮಣ್ಣಿನ ಕೋಟೆ ಕಟ್ಟಿಸಿ, ಅದರೊಳಗೆ ಕಸುಬಿಗೊಂದು ಪೇಟೆಯನ್ನು ನೆಲೆಗೊಳಿಸಿದರು. ಇದನ್ನು ಮೆಚ್ಚಿದ ವಿಜಯನಗರದ ಅರಸ ಅಚ್ಯುತರಾಯ ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ, ಕುಂಬಳಗೋಡು ಮೊದಲಾದ ಹೋಬಳಿಗಳನ್ನು ಬಿಟ್ಟುಕೊಟ್ಟ. ಅವುಗಳ ವಾರ್ಷಿಕ ಹುಟ್ಟುವಳಿ 30,000 ವರಹ. ಕೋಟೆಯ ಬಾಗಿಲು ನಿಲ್ಲದಿದ್ದಾಗ ಗರ್ಭಿಣಿ ಸೊಸೆ ಲಕ್ಷ್ಮೀದೇವಿ ಪ್ರಾಣಾರ್ಪಣೆ ಮಾಡಿದಳೆಂಬ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಅವಳ ಸ್ಮಾರಕ ಕೋರಮಂಗಲದಲ್ಲಿದೆ.

ಸಾಮಂತನಿಗೆ ಸ್ವಂತ ನಾಣ್ಯ ಸಲ್ಲದು. ಅಪ್ಪಣೆಯಿಲ್ಲದೆ ಭೈರವನ ಹೆಸರಿನ ನಾಣ್ಯ ಟಂಕಿಸಿದರೆಂಬ ಆರೋಪದ ಮೇಲೆ ಕೆಂಪೇಗೌಡರು ಆನೆಗೊಂದಿಯಲ್ಲಿ ಸೆರೆಯಾದರು. ಸೀಮೆಯೂ ಕೈತಪ್ಪಿತು. ಪರಂಪರೆಯ ಪ್ರಕಾರ ಅದು ಚನ್ನಪಟ್ಟಣದ ಜಗದೇವರಾಯನ ಮನೆತನಕ್ಕೆ ಹೋಯಿತು. ದಂಡ ತೆತ್ತು ಬಿಡುಗಡೆಯಾದ ಮೇಲೆ ನಾಡು ಮರಳಿ ಬಂತು. 1569ರಲ್ಲಿ ಅವರು ತೀರಿಕೊಂಡರು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವ ಶಾಸನಸಹಿತ ಗುಡಿಯನ್ನು ಅವರ ಸಮಾಧಿಯೆಂದು 2015ರಲ್ಲಿ ಗುರುತಿಸಲಾಯಿತು.

ಅವರ ನಂತರ ಬಂದ ಇಮ್ಮಡಿ ಕೆಂಪೇಗೌಡರು ಕೆರೆ, ಗುಡಿಗಳನ್ನು ಕಟ್ಟಿಸಿದ್ದಲ್ಲದೆ, ಮಾಗಡಿ ಮತ್ತು ಸಾವನದುರ್ಗವನ್ನೂ ಮನೆತನದ ಕೈಗೆ ತಂದರು. ಮುಂದೆ ವಂಶವನ್ನು ಉಳಿಸಿದ್ದು ಈ ಗಳಿಕೆಯೇ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ. ಆ ಊರು ಬಿಜಾಪುರದ ಸೇನಾನಿ ಶಹಾಜಿಗೆ ಜಹಗೀರಾಯಿತು. ಕೆಂಪೇಗೌಡರ ಮನೆತನ ಮಾಗಡಿಗೆ ಸರಿಯಿತು. ಬಯಲಿನ ಮಣ್ಣುಕೋಟೆ ಕೊಡದ ರಕ್ಷಣೆಯನ್ನು ಸಾವನದುರ್ಗ ಕೊಟ್ಟಿತು. 1,226 ಮೀಟರ್ ಎತ್ತರದ ಈ ಏಕಶಿಲಾ ಬೆಟ್ಟಕ್ಕೆ ಕರಿಗುಡ್ಡ, ಬಿಳಿಗುಡ್ಡವೆಂಬ ಎರಡು ಶಿಖರ. ಸುತ್ತ ದಟ್ಟ ಕಾಡು, ಮೇಲೆ ಕಾಲು ನಿಲ್ಲದ ಬಂಡೆ.

ಇಲ್ಲಿಂದಲೇ ಮನೆತನ ಇನ್ನೂ 90 ವರ್ಷ ಆಳಿತು. ಅರಸರೆಲ್ಲ ಕೆಂಪೇಗೌಡರೆಂಬ ಹೆಸರನ್ನೇ ಹೊತ್ತಿದ್ದರಿಂದ ಒಬ್ಬರ ಕೆಲಸ ಇನ್ನೊಬ್ಬರ ಲೆಕ್ಕಕ್ಕೆ ಸೇರುವುದುಂಟು. ಮಾಗಡಿಯ ಕೋಟೆ ಮತ್ತು ಸೋಮೇಶ್ವರ ದೇಗುಲ ಈ ಮನೆತನದ ಹೆಗ್ಗುರುತುಗಳು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನ ಸೇನೆ ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿಯಿತು. ಕೊನೆಯ ದೊರೆ ಕೆಂಪವೀರೇಗೌಡರು ಶ್ರೀರಂಗಪಟ್ಟಣದ ಸೆರೆಯಲ್ಲಿ ಕೊನೆಯುಸಿರೆಳೆದರು.

ಈ ವಂಶ ಬೆಂಗಳೂರನ್ನು ಆಳಿದ್ದು ಸುಮಾರು 100 ವರ್ಷ, ಆ ಬಳಿಕ ಮಾಗಡಿಯಿಂದ ಆಳಿದ್ದು 90 ವರ್ಷ. ಆದರೂ ಪಠ್ಯಪುಸ್ತಕಗಳು ಮೊದಲ ಭಾಗಕ್ಕೇ ನಿಂತುಬಿಡುತ್ತವೆ. ಕೆಂಪಾಪುರದ ಸಮಾಧಿ, ಮಾಗಡಿಯ ಕೋಟೆ, ಸಾವನದುರ್ಗ ಮೂರೂ ಒಂದೇ ತಾಲ್ಲೂಕಿನಲ್ಲಿವೆ. ಇವನ್ನು ನೋಡದೆ ಕೆಂಪೇಗೌಡರ ಚರಿತ್ರೆ ಪೂರ್ಣವಾಗದು.